ಲಿಂಚ್ ಲಾಂಛನದ ಫಲಕ: 85 ಯೂರೋ ಕೊಟ್ಟು ಬೇರೆಯವರ ಅಜ್ಜನನ್ನು ಮನೆಗೆ ತಂದೆವು

ನಮ್ಮ ಟೀಮಿನ ಹಿರಿಯರೊಬ್ಬರು ಕಳೆದ ತಿಂಗಳು ನಿವೃತ್ತರಾದರು. ಸರ್‌ನೇಮ್ ಲಿಂಚ್. ಏನು ಕೊಡೋಣ ಅಂತ ಯೋಚಿಸಿ ಯೋಚಿಸಿ ಸಾಕಾಗಿ, ಗಾಲ್ವೇಯಲ್ಲಿ ಪ್ರವಾಸಿಗರು ಮುತ್ತಿಕೊಳ್ಳುವ ಒಂದು ಅಂಗಡಿಗೆ ನುಗ್ಗಿದೆವು. ಹೆಸರು ಹೇಳಲ್ಲ, ಇಂಥ ಅಂಗಡಿ ಐರ್ಲೆಂಡಿನ ಯಾವ ಪ್ರವಾಸಿ ಊರಿಗೆ ಹೋದರೂ ಸಿಗುತ್ತದೆ. ಸರ್‌ನೇಮ್ ಹೇಳಿದರೆ ಸಾಕು, ಗುರಾಣಿ ಆಕಾರದ ಮರದ ಫಲಕದ ಮೇಲೆ ನಿಮ್ಮ "ಕುಟುಂಬದ ಲಾಂಛನ" ಕೂರಿಸಿ ಕೊಡುತ್ತಾರೆ. ಜೊತೆಗೆ ಹಳೇ ತಾಳೆಗರಿ ಬಣ್ಣದ ಕಾಗದದ ಸುರುಳಿ, ಅದರಲ್ಲಿ ಮನೆತನದ ಚರಿತ್ರೆ. ಎರಡೂ ಸೇರಿ 85 ಯೂರೋ. ಆರು ಜನ ಹಂಚಿಕೊಂಡೆವು, ಅಷ್ಟೇನೂ ಭಾರ ಅನಿಸಲಿಲ್ಲ.

ಮೊದಲು ವಸ್ತುವಿನ ಬಗ್ಗೆ ಹೇಳಿಬಿಡುತ್ತೇನೆ. ಮರ ಅಂದರೆ ಮರ ಅಲ್ಲ, ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಕಂದು ಬಣ್ಣದ ಹಾಳೆ. ಲಾಂಛನ ಕೈಯಲ್ಲಿ ಬರೆದದ್ದು ಅಂತ ಚೀಟಿ ಇತ್ತು. ಹತ್ತಿರದಿಂದ ನೋಡಿದರೆ ಅಚ್ಚಿನಲ್ಲಿ ಎರಕ ಹೊಯ್ದದ್ದು, ಮೇಲಿನ ಬಣ್ಣ ಮಾತ್ರ ಕೈಯದು. ಚಿನ್ನದ ಬಣ್ಣ ಎರಡು ಕಡೆ ಗೆರೆ ದಾಟಿತ್ತು. ಆದರೂ ಮೂರಡಿ ದೂರದಿಂದ ಚೆನ್ನಾಗಿ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ. ಪ್ಯಾಕಿಂಗ್ ಕೂಡ ಗಟ್ಟಿ.

ಲಾಂಛನ ಅಂತೂ ಸೊಗಸಾಗಿದೆ. ನೀಲಿ ಗುರಾಣಿ, ನಡುವೆ ಮನೆ ಮಾಡಿನ ಥರ ಒಂದು ಚಿನ್ನದ ಪಟ್ಟಿ, ಅದರ ಸುತ್ತ ಮೂರು ಮೂರೆಲೆ ಸೊಪ್ಪು. ತಲೆಯ ಮೇಲೆ ಲಿಂಕ್ಸ್ ಅನ್ನೋ ಕಾಡುಬೆಕ್ಕು. ಲಿಂಚ್, ಲಿಂಕ್ಸ್, ಕೇಳಿದರೇ ಗೊತ್ತಾಗುತ್ತಲ್ವಾ? ಹೆಸರಿನ ಜೊತೆ ಹೀಗೆ ಆಟ ಆಡೋದು ಯುರೋಪಿನ ಲಾಂಛನಗಳಲ್ಲಿ ಮಾಮೂಲು. ಕೆಳಗೆ ಲ್ಯಾಟಿನ್‌ನಲ್ಲಿ "ಸೆಂಪರ್ ಫಿಡೆಲಿಸ್", ಯಾವಾಗಲೂ ನಿಷ್ಠ ಅಂತ. ಅಮೆರಿಕದ ಮರೀನ್ ಸೈನಿಕರ ಘೋಷವಾಕ್ಯವೂ ಇದೇ, ನಮ್ಮ ಟೀಮಿನ ಹುಡುಗ ಅದನ್ನು ನೋಡಿ ಇವರು ಅಲ್ಲಿಂದ ಕದ್ದಿದ್ದಾರೆ ಅಂತ ಇವತ್ತಿಗೂ ವಾದ ಮಾಡುತ್ತಿದ್ದಾನೆ.

ಅಂಗಡಿಯವರು ಇದನ್ನೆಲ್ಲ "ಕ್ರೆಸ್ಟ್" ಅಂತಾರೆ. ಅದು ತಪ್ಪು. ಶಿರಸ್ತ್ರಾಣದ ಮೇಲೆ ಕೂರುವ ಬೊಂಬೆ ಮಾತ್ರ ಕ್ರೆಸ್ಟ್, ಇಲ್ಲಿ ಆ ಕಾಡುಬೆಕ್ಕು. ಗುರಾಣಿಯ ಮೇಲಿನ ಚಿತ್ರ ಬೇರೆ. ಇದನ್ನೇ ಮಾರಿ ಹೊಟ್ಟೆ ಹೊರೆಯುವವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಈಗ ಅಸಲು ವಿಷಯ. ಬೀಳ್ಕೊಡುಗೆ ದಿನ ನಮ್ಮ ಹಿರಿಯರು ಫಲಕ ಬಿಚ್ಚಿದರು, ಒಂದು ನಿಮಿಷ ನೋಡಿದರು, ಆಮೇಲೆ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು. "ಇದು ಗಾಲ್ವೇ ಲಿಂಚ್‌ಗಳದ್ದು. ನಾವು ಕಾರ್ಕ್‌ನವರು. ನಮಗೂ ಇವರಿಗೂ ಸಂಬಂಧವೇ ಇಲ್ಲ" ಅಂದರು.

ಆಗಲೇ ನಮಗೆ ತಿಳಿದಿದ್ದು, ಲಿಂಚ್ ಅನ್ನೋದು ಒಂದು ಹೆಸರು, ಆದರೆ ಬೇರು ಒಂದಲ್ಲ. ಒಂದು ಗುಂಪು ನಾರ್ಮನ್ ಮೂಲದ್ದು, ಹಳೇ ರೂಪ "ಡಿ ಲೆಂಚ್". ಇವರೇ ಗಾಲ್ವೇ ಲಿಂಚ್‌ಗಳು. ಇನ್ನೊಂದು ಅಪ್ಪಟ ಐರಿಶ್ ಹೆಸರು, "ಓ ಲಿಂಗ್ಶಿ". ಐರಿಶ್ ಭಾಷೆಯಲ್ಲಿ "ಲೊಂಗ್" ಅಂದರೆ ಹಡಗು, ಅದರಿಂದ ಬಂದದ್ದು ಹಡಗಿನವನು ಅನ್ನೋ ಹೆಸರು. ಮುಂದಿನ "ಓ" ಅಂದರೆ ಮೊಮ್ಮಗ, ಆ ವಂಶದವನು ಅಂತ. ಕಡಲ ಕೆಲಸ ಮಾಡಿದವರು ಒಂದೇ ಕಡೆ ಇರ್ತಾರಾ? ಕಾರ್ಕ್, ಕ್ಲೇರ್, ಆಂಟ್ರಿಮ್, ಹೀಗೆ ದೇಶದ ಬೇರೆ ಬೇರೆ ಮೂಲೆಗಳಲ್ಲಿ ಒಂದಕ್ಕೊಂದು ನಂಟಿಲ್ಲದ ಓ ಲಿಂಗ್ಶಿಗಳು ಹುಟ್ಟಿಕೊಂಡರು. ಇಂಗ್ಲಿಷರ ಆಳ್ವಿಕೆಯಲ್ಲಿ ಎಲ್ಲರ ಹೆಸರೂ ಇಂಗ್ಲಿಷ್ ಆಯಿತು, "ಓ" ಉದುರಿತು, ಎಲ್ಲರೂ ಲಿಂಚ್ ಆಗಿ ಕೂತರು.

ನಾನು ಗದಗಿನ ಕಡೆಯವನು, ನನಗಂತೂ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮಲ್ಲಿ ಅಂಗಡಿ ಅನ್ನೋ ಅಡ್ಡಹೆಸರು ಎಷ್ಟು ಊರಲ್ಲಿಲ್ಲ? ಎಲ್ಲಾ ಅಂಗಡಿಯವರೂ ಒಂದೇ ಮುತ್ತಜ್ಜನ ಮಕ್ಕಳು ಅಂತ ಯಾರಾದರೂ ಅಂದರೆ ನಕ್ಕುಬಿಡ್ತೀವಿ. ಹೊಸಮನಿಯವರ ಲಾಂಛನ ಅಂತ ಒಂದು ಫಲಕ ಮಾಡಿ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಾರಿದ ಹಾಗಾಯಿತು ಇದು.

ಸುರುಳಿಯಲ್ಲಿ ಇರೋದು ಸುಳ್ಳಲ್ಲ, ಅದನ್ನೂ ಹೇಳಬೇಕು. ಗಾಲ್ವೇ ಲಿಂಚ್‌ಗಳ ಕಥೆಯೇ ಅಂಥದ್ದು. ಊರನ್ನು ಆಳಿದ 14 ವ್ಯಾಪಾರಿ ಮನೆತನಗಳಲ್ಲಿ ಇವರೇ ದೊಡ್ಡವರು, 1485ರಲ್ಲಿ ಗಾಲ್ವೇಗೆ ಮೊದಲ ಮೇಯರ್ ಆದವನೂ ಒಬ್ಬ ಲಿಂಚ್. ಶಾಪ್ ಸ್ಟ್ರೀಟಿನಲ್ಲಿ ಲಿಂಚ್ ಕ್ಯಾಸಲ್ ಅಂತ ಇವರ ಕಲ್ಲಿನ ಮನೆ ಇವತ್ತಿಗೂ ನಿಂತಿದೆ, ಗೋಡೆ ಮೇಲೆ ಕೆತ್ತಿದ ಲಾಂಛನಗಳ ಸಮೇತ. ಒಳಗೆ ಈಗ ಬ್ಯಾಂಕು. ಆ ಗೋಡೆ ನೋಡೋಕೆ ಕಾಸು ಬೇಡ, ಫಲಕಕ್ಕಿಂತ ಎಷ್ಟೋ ಚೆನ್ನಾಗಿದೆ. ಇಂಗ್ಲೆಂಡಿನ ಕ್ರಾಮ್‌ವೆಲ್ ಸೇನೆಗೆ 1652ರಲ್ಲಿ ಊರು ಶರಣಾದ ಮೇಲೆ ಇವರ ದೊಡ್ಡಸ್ತಿಕೆ ಇಳಿಯಿತು. ಇವರಂಥ ಕ್ಯಾಥೊಲಿಕರ ಕೈಯಿಂದ ಜಮೀನು, ಅಧಿಕಾರ ಎರಡೂ ಜಾರಿದವು, ಕಾಲಕ್ರಮೇಣ ಹಲವರು ಹಡಗು ಹತ್ತಿದರು. ಒಂದು ಕವಲು ಫ್ರಾನ್ಸಿನ ಬೋರ್ಡೋ ಸೇರಿ ವೈನ್ ಹಿಡಿಯಿತು, ಶಾಟೋ ಲಿಂಚ್ ಬಾಜ್ ಅನ್ನೋ ದುಬಾರಿ ವೈನಿನ ಹೆಸರಲ್ಲಿರೋ ಲಿಂಚ್ ಇವರೇ. ಇನ್ನೊಬ್ಬ ಪ್ಯಾಟ್ರಿಕ್ ಲಿಂಚ್ 18ನೇ ಶತಮಾನದಲ್ಲಿ ಬ್ಯೂನಸ್ ಐರಿಸ್‌ಗೆ ಹೋಗಿ ನೆಲೆಸಿದ, ಅವನ ವಂಶದಲ್ಲಿ ಹುಟ್ಟಿದವನೇ ಚೆ ಗೆವಾರ. ಟೀ ಶರ್ಟ್ ಮೇಲಿನ ಆ ಮುಖಕ್ಕೆ ಗಾಲ್ವೇಯ ವ್ಯಾಪಾರಿಗಳ ನಂಟು ಅಂತ ಗೊತ್ತಾದಾಗ ನಾನು ಸುರುಳಿಯನ್ನು ಎರಡು ಸಲ ಓದಿದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೂ ಸೌತ್ ಕ್ಯಾರೊಲಿನಾದ ಥಾಮಸ್ ಲಿಂಚ್ ಇದ್ದ.

ಆದರೆ ಇದರಲ್ಲಿ ನಮ್ಮ ಹಿರಿಯರ ಕಡೆಯದ್ದು ಒಂದು ಸಾಲೂ ಇಲ್ಲ. ಅವರ ಕಡೆಯವರು ಹೋದದ್ದು ವೈನ್ ಮಾರೋಕಲ್ಲ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು. ಪಶ್ಚಿಮ ಕಾರ್ಕ್ ಸೀಮೆಗೆ ಏಟು ಭಾರೀ ಬಿತ್ತು. ಅವರ ಮುತ್ತಜ್ಜಿಯ ಅಣ್ಣಂದಿರು ಆಗ ಕಾರ್ಕ್ ಬಂದರಿನಿಂದ ಹಡಗು ಹತ್ತಿದವರು, ಒಬ್ಬನಿಂದ ಬಾಸ್ಟನ್‌ನಿಂದ ಕಾಗದ ಬಂತು, ಇನ್ನೊಬ್ಬನಿಂದ ಬರಲೇ ಇಲ್ಲ. ಇದನ್ನು ಅವರು ಕೇಕ್ ತಿನ್ನುತ್ತಾ ಸುಮ್ನೆ ಹೇಳಿದರು. ಕಾರ್ಕ್ ಲಿಂಚ್ ಅಂದರೆ ಯಾರು ಅಂತ ಬರೆಯೋದೇ ಆಗಿದ್ದರೆ ಜ್ಯಾಕ್ ಲಿಂಚ್ ಒಬ್ಬರು ಸಾಲದಾ? 1941ರಿಂದ 1946ರವರೆಗೆ ಸತತ ಆರು ವರ್ಷ ಆಲ್ ಐರ್ಲೆಂಡ್ ಪದಕ, ಐದು ಹರ್ಲಿಂಗ್ ಅನ್ನೋ ಐರಿಶರ ಕೋಲು ಚೆಂಡಿನ ಆಟದಲ್ಲಿ, ಒಂದು ಅಲ್ಲಿಯದೇ ಗೇಲಿಕ್ ಫುಟ್‌ಬಾಲ್‌ನಲ್ಲಿ, ಆಮೇಲೆ ಎರಡು ಸಲ ದೇಶದ ಪ್ರಧಾನಿ. ಸುರುಳಿಯಲ್ಲಿ ಅವರ ಹೆಸರೂ ಇಲ್ಲ!

ಮರುದಿನ ಅಂಗಡಿಗೆ ಹೋಗಿ ಕೇಳಿದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ಲಿಂಚ್ ಅಂತ ಹೊಡೆದರೆ ಒಂದೇ ಚಿತ್ರ. ಎಲ್ಲಿಯ ಲಿಂಚ್ ಅಂತ ಕೇಳೋ ಜಾಗವೇ ಅದರಲ್ಲಿಲ್ಲ. ಪಾಪ, ಅವಳ ತಪ್ಪಲ್ಲ. ಹೆಸರು ಹಾಕಿ ಮಾಡಿದ ವಸ್ತು ವಾಪಸ್ ತಗೊಳ್ಳಲ್ಲ ಅಂತ ರಸೀದಿ ಹಿಂದೆ ಸಣ್ಣಕ್ಷರದಲ್ಲಿ ಇತ್ತು, ಅದನ್ನೂ ತೋರಿಸಿದಳು.

ನಿಯಮದ ಪ್ರಕಾರ ಲಾಂಛನ ಸರ್‌ನೇಮಿಗೆ ಸೇರಿದ್ದೇ ಅಲ್ಲ, ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಅವನ ಸಂತತಿಗೆ ಹೋಗುವಂಥದ್ದು. ಇದಕ್ಕೆ ಡಬ್ಲಿನ್‌ನಲ್ಲಿ ಸರ್ಕಾರಿ ಕಚೇರಿಯೇ ಇದೆ. 1552ರಲ್ಲಿ ಇಂಗ್ಲಿಷ್ ರಾಜನ ಹೆಸರಲ್ಲಿ ಶುರುವಾದದ್ದು, 1943ರಲ್ಲಿ ಐರಿಶ್ ಸರ್ಕಾರದ ಕೈಗೆ ಬಂತು. ಆಗಿನ ಮುಖ್ಯಸ್ಥ ಎಡ್ವರ್ಡ್ ಮ್ಯಾಕ್‌ಲೈಸಾಟ್ ಐರಿಶ್ ಕುಲಗಳ ವಿಷಯದಲ್ಲಿ ಸ್ವಲ್ಪ ಸಡಿಲ ಬಿಟ್ಟರು. ಒಂದು ಕುಲದ ಮುಖಂಡರ ಲಾಂಛನವನ್ನು ಆ ಕುಲದವರು ಗೋಡೆಗೆ ಹಾಕಿಕೊಂಡರೆ ತಪ್ಪಿಲ್ಲ ಅಂದರು. ಆದರೆ ಆ ಕುಲದವರು ಆಗಿರಬೇಕಲ್ಲ! ಅಂಗಡಿಗಳು ಮೊದಲರ್ಧ ಕೇಳಿಸಿಕೊಂಡು ಎದ್ದು ಬಂದಿವೆ.

ನೀವು ಯಾರಿಗಾದರೂ ಇಂಥದ್ದು ಕೊಡೋ ಯೋಚನೆಯಲ್ಲಿದ್ದರೆ ಮೊದಲು ಅವರ ಅಜ್ಜನ ಊರು ಯಾವುದು ಅಂತ ಕೇಳಿ. ಆಮೇಲೆ 1901 ಮತ್ತು 1911ರ ಜನಗಣತಿ ನೋಡಿ, ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಅದನ್ನು ಪೂರ್ತಿ ಪುಕ್ಕಟೆ ಆನ್‌ಲೈನ್‌ನಲ್ಲಿ ಇಟ್ಟಿದೆ. ಕ್ಯಾಥೊಲಿಕ್ ಚರ್ಚುಗಳ ಹಳೇ ದೀಕ್ಷಾಸ್ನಾನ, ಮದುವೆ ದಾಖಲೆಗಳನ್ನು ನ್ಯಾಷನಲ್ ಲೈಬ್ರರಿ 2015ರಿಂದ ಪುಕ್ಕಟೆ ತೋರಿಸುತ್ತಿದೆ. 1901ಕ್ಕಿಂತ ಹಿಂದಿನ ಜನಗಣತಿ ಹುಡುಕಬೇಡಿ, 1821ರಿಂದ 1851ರವರೆಗಿನದು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನೋ ನ್ಯಾಯಾಲಯ ಕಟ್ಟಡದ ಸ್ಫೋಟದಲ್ಲಿ ದಾಖಲೆ ಭಂಡಾರವೇ ಸುಟ್ಟುಹೋಗಿ ಬಹುಪಾಲು ಬೂದಿಯಾಗಿದೆ, 1861ರಿಂದ 1891ರವರೆಗಿನದನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು. ನಾನು ಒಂದು ಸಂಜೆ ಕೂತು 1911ರ ಹಾಳೆಯಲ್ಲಿ ನಮ್ಮ ಹಿರಿಯರ ಅಜ್ಜನನ್ನು ಹುಡುಕಿದೆ, ಆಗ ಒಂಬತ್ತು ವರ್ಷದ ಹುಡುಗ, "ಓದು ಬರಹ ಬಲ್ಲ" ಅಂತ ಅವರಪ್ಪನ ಕೈಬರಹದಲ್ಲಿ. ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿದೆ, 14 ಯೂರೋ.

ಅಂಗಡಿಗೆ ಐದಕ್ಕೆ ಎರಡು ಸ್ಟಾರ್, ಅದೂ ಪ್ಯಾಕಿಂಗ್‌ಗೆ ಮತ್ತು ಆ ಹುಡುಗಿಯ ತಾಳ್ಮೆಗೆ. ಜನಗಣತಿ ಹಾಳೆ ಈಗ ಅವರ ಹಾಲ್‌ನಲ್ಲಿದೆ. ಫಲಕ ಟಾಯ್ಲೆಟ್ ಬಾಗಿಲ ಮೇಲಿದೆ, ಗಾಲ್ವೇಯವರು ಮನೆಗೆ ಬಂದಾಗ ಮೊದಲು ಅದನ್ನೇ ತೋರಿಸ್ತಾರಂತೆ.