ಮೊರಿನ್ ಖೂರ್ ಜೋಡಣೆ ಕಿಟ್: ಮರ ಚೆನ್ನ, ಬ್ರಿಡ್ಜ್ ಅರೆಬರೆ

ಮೊರಿನ್ ಖೂರ್ ಎಂದರೆ ಕಮಾನಿನಿಂದ ನುಡಿಸುವ ಎರಡು ತಂತಿಯ ಮಂಗೋಲಿಯನ್ ವಾದ್ಯ. ಅಲ್ಲಿನ ರಾಜಧಾನಿ ಉಲಾನ್‌ಬಾತರ್‌ನ ಕಾರ್ಯಾಗಾರವೊಂದರ ಕಿಟ್ ಇದು. ನಾದಪೆಟ್ಟಿಗೆಯ ಹಲಗೆಗಳು, ಕುದುರೆ ತಲೆ ಕೆತ್ತಿದ ದಂಡಿ, ಎರಡು ಬಿರಡೆ, ತಂತಿಗಳನ್ನು ಎತ್ತಿ ಹಿಡಿಯುವ ಎರಡು ಬ್ರಿಡ್ಜ್, ಕಮಾನು ಎಲ್ಲ ಇವೆ. ಮೇಲ್ಹಲಗೆ ಸ್ಪ್ರೂಸ್, ಎಳೆ ನೇರ, ಗಂಟಿಲ್ಲ. ಹಳೆಯ ವಾದ್ಯಗಳ ಚರ್ಮದ ಹೊದಿಕೆಯಂತೆ ತೇವಕ್ಕೆ ಸಡಿಲಾಗುವ ಭಯವೂ ಇಲ್ಲ.

ಕೆಳಗಿನ ಬ್ರಿಡ್ಜ್ ಮಾತ್ರ ನಿರಾಸೆ. ಪಾದಗಳು ಹಲಗೆಗೆ ಪೂರ್ತಿ ಕೂರುವುದಿಲ್ಲ. ಹಾಗೇ ಬಿಟ್ಟರೆ ದನಿ ಮಂಕು. ಹಲಗೆಯ ಮೇಲೆ ಮರಳು ಕಾಗದ ಹಾಸಿ, ಸಂದು ಕಾಣದಷ್ಟು ಪಾದ ಉಜ್ಜಬೇಕು. ಪೆಟ್ಟಿಗೆಯೊಳಗೆ ಮೇಲ್ಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ನಿಲ್ಲುವ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ತೆಳು ತಂತಿಯ ಕಡೆಯ ಪಾದಕ್ಕೆ ತುಸು ಹಿಂದೆ ನಿಲ್ಲಬೇಕು. ಉದ್ದವಾದರೆ ಹಲಗೆ ಉಬ್ಬಿ ಸೀಳುತ್ತದೆ, ಗಿಡ್ಡವಾದರೆ ತಂತಿ ಸಡಿಲಿಸಿದೊಡನೆ ಬೀಳುತ್ತದೆ. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ!

ತಂತಿಗೆ ಕುದುರೆ ಬಾಲದ ಕೂದಲು: ದಪ್ಪದ್ದಕ್ಕೆ ಸುಮಾರು 130, ತೆಳುವಿನದಕ್ಕೆ 105 ಎಳೆ. ಹೊಸೆಯಬಾರದು, ಬಾಚಿ ಸಮಾನಾಂತರ ಇಡಬೇಕು. ಬಿಗಿ ಹೆಚ್ಚುಕಡಿಮೆಯಾದರೆ ಬಿಗಿಯಾದ ಎಳೆಗಳೇ ಮೊದಲು ತುಂಡಾಗುತ್ತವೆ. ಶ್ರುತಿ ಎಫ್ ಮತ್ತು ಬಿ ಫ್ಲಾಟ್, ಅಂದರೆ ಷಡ್ಜ–ಶುದ್ಧ ಮಧ್ಯಮದ ಅಂತರ. ಜೊತೆಗಿರುವ ನೈಲಾನ್ ತಂತಿ ಶ್ರುತಿ ಬಿಡುವುದು ಕಡಿಮೆ, ಆದರೆ ಕೂದಲಿನ ಒರಟು ನಾದ ಅದಕ್ಕೆಲ್ಲಿ?

ಮರಗೆಲಸ ಬಲ್ಲವರು ಕೊಳ್ಳಬಹುದು. ಉಳಿ ಹಿಡಿಯದವರಿಗೆ ಸಿದ್ಧ ವಾದ್ಯವೇ ಲೇಸು.