ಹಳೆಯ ಸ್ಟೀರಿಯೊ ರಿಸೀವರ್‌ಗೆ ರಿಕ್ಯಾಪ್ ಕಿಟ್: ಮುಂಬೈಯಲ್ಲಿ ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ಹಳೆಯ ರಿಸೀವರ್‌ಗಳಿಗೆಂದು (ರೇಡಿಯೊ, ಆಂಪ್ಲಿಫೈಯರ್ ಒಂದೇ ಡಬ್ಬದಲ್ಲಿರುವ ಸೆಟ್) ಮಾಡೆಲ್‌ವಾರು ಮಾರುವ ರಿಕ್ಯಾಪ್ (ಹಳೆಯ ಕೆಪ್ಯಾಸಿಟರ್ ತೆಗೆದು ಹೊಸದು ಹಾಕುವ) ಕಿಟ್‌ಗಳಲ್ಲಿ ದುಡ್ಡಿಗೆ ತಕ್ಕ ವಸ್ತು ಅದರೊಳಗಿನ ಪಟ್ಟಿ. ಕೆಪ್ಯಾಸಿಟರ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಯಾವ ಬೋರ್ಡಿನ ಯಾವ ಜಾಗಕ್ಕೆ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್, ಕಾಲುಗಳ ಅಂತರ ಎಷ್ಟು, ಎತ್ತರ ಮುಚ್ಚಳಕ್ಕೆ ತಾಗುತ್ತದೆಯೇ ಎಂದು ಸರ್ವಿಸ್ ಮ್ಯಾನ್ಯುಯಲ್ ಹಿಡಿದು ಒಂದೊಂದನ್ನೇ ನೋಡಿ ಬರೆದ ಪಟ್ಟಿ ಸಿಗುವುದು ಅಪರೂಪ. ಕಿಟ್ ಕೊಳ್ಳುವ ಮೊದಲು ಮಾರುವವರಿಂದ ಆ ಪಟ್ಟಿಯನ್ನು ಕೇಳಿ. ಮರಾಂಟ್ಜ್ 2270ರ ಕಿಟ್ ಎಂದರೆ ಪಿ400 ಫೋನೊ (ರೆಕಾರ್ಡ್ ಪ್ಲೇಯರ್‌ನ ಭಾಗ), ಪಿ700 ಪವರ್ ಆಂಪ್, ಪಿ800 ಪವರ್ ಸಪ್ಲೈ ಎಂದು ಚೀಲಗಳು ಬೇರೆಬೇರೆ ಇರಬೇಕು, ಪ್ರತಿ ಚೀಲದ ಮೇಲೂ ಬಿಡಿಭಾಗದ ಸಂಖ್ಯೆ ಇರಬೇಕು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸುವವರ ಕಿಟ್ ಬೇಡ.

ಮುಂಬೈಯಲ್ಲಿ ಮೊದಲು ನೋಡಬೇಕಾದ್ದು ಸೆಟ್ ಎಲ್ಲಿಂದ ಬಂದದ್ದು ಎಂಬುದನ್ನು. ಡೊಂಬಿವಲಿ, ಮುಲುಂಡ್, ಗೋರೆಗಾಂವ್ ಕಡೆಯ ನಮ್ಮವರ ಮನೆಗಳ ಅಟ್ಟದಲ್ಲಿರುವ ಪಯೋನಿಯರ್, ಸ್ಯಾನ್‌ಸುಯಿ, ಮರಾಂಟ್ಜ್‌ಗಳಲ್ಲಿ ಗಲ್ಫ್‌ನಿಂದ ಬಂದವು ಸಾಕಷ್ಟು. ಅವುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. 220, 240 ಎರಡೂ ಇದ್ದರೆ 240ಕ್ಕೆ ಇಡಿ. ಚೋರ್ ಬಜಾರಿನಲ್ಲಿ ಸಿಗುವ ಅಮೆರಿಕದ ಸೆಟ್ 120 ವೋಲ್ಟಿನದು; 2270ರಂಥ 70 ವ್ಯಾಟ್ ಜೋಡಿಗೆ ಕನಿಷ್ಠ 500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಜಪಾನಿನ ಒಳಮಾರುಕಟ್ಟೆಯ ಸೆಟ್ ಆದರೆ 100 ವೋಲ್ಟ್, ಸಾಲದ್ದಕ್ಕೆ ಅದರ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ. ಮುಂಬೈಯ 91.1, 98.3, 107.1 ಯಾವುದೂ ಅದರಲ್ಲಿ ಬರುವುದಿಲ್ಲ, ಯಾವ ಕಿಟ್ ಹಾಕಿದರೂ ಬರುವುದಿಲ್ಲ.

ಇನ್ನು ಕೆಪ್ಯಾಸಿಟರ್‌ಗಳ ಮಾತು. ಮಧ್ಯಮ ಗಾತ್ರದ ರಿಸೀವರ್‌ನಲ್ಲಿ 50ರಿಂದ 80 ಎಲೆಕ್ಟ್ರೋಲಿಟಿಕ್‌ಗಳಿರುತ್ತವೆ (ಒಳಗಿನ ದ್ರವ ಒಣಗಿ ಕೆಡುವ ಬಗೆಯ ಕೆಪ್ಯಾಸಿಟರ್). ಒಳ್ಳೆಯ ಕಿಟ್ ಎಲ್ಲ ಕಡೆಗೂ ಒಂದೇ ಸರಣಿಯನ್ನು ತುರುಕುವುದಿಲ್ಲ. ಪವರ್ ಸಪ್ಲೈ ಬೋರ್ಡಿಗೆ 105 ಡಿಗ್ರಿಯ ಪ್ಯಾನಸಾನಿಕ್ ಎಫ್‌ಆರ್ ಅಥವಾ ನಿಚಿಕಾನ್ ಪಿಡಬ್ಲ್ಯು, ಸಿಗ್ನಲ್ ದಾರಿಯಲ್ಲಿ 0.47ರಿಂದ 3.3 ಮೈಕ್ರೋಫ್ಯಾರಡ್‌ವರೆಗೆ 5 ಮಿಲಿಮೀಟರ್ ಕಾಲಂತರದ ವೀಮಾ ಎಂಕೆಎಸ್2 ಫಿಲ್ಮ್, ಹಳೆಯ ಲೋ ಲೀಕೇಜ್ (ಕರೆಂಟ್ ಕಡಿಮೆ ಸೋರುವ) ಕೆಪ್ಯಾಸಿಟರ್ ಇದ್ದಲ್ಲಿ ಫಿಲ್ಮ್ ಅಥವಾ ನಿಚಿಕಾನ್ ಕೆಎಲ್. ಈ ಮೂರೂ ಪಟ್ಟಿಯಲ್ಲಿ ಕಂಡರೆ ಕಿಟ್ ಮಾಡಿದವರು ಸರ್ಕ್ಯೂಟ್ ಓದಿದ್ದಾರೆ ಎಂದು ತಿಳಿಯಬಹುದು. 'ಆಡಿಯೊ ಗ್ರೇಡ್' ಎಂಬ ಹೆಸರಿಗೆ ಮರುಳಾಗಿ ಎಲ್ಲೆಲ್ಲೂ ನಿಚಿಕಾನ್ ಫೈನ್ ಗೋಲ್ಡ್ ಹಾಕಿದ ಕಿಟ್‌ಗಳೂ ಇವೆ. ಅದು 85 ಡಿಗ್ರಿಯ ಸರಣಿ. ಟೋನ್ ಬೋರ್ಡಿಗೆ ಸರಿ. ಕುದಿಯುವ ರೆಗ್ಯುಲೇಟರ್ ರೆಸಿಸ್ಟರ್ ಪಕ್ಕದಲ್ಲಿ, ಅದೂ ನಮ್ಮ ಮೇ ತಿಂಗಳಿನಲ್ಲಿ, ಅದನ್ನು ಕೂರಿಸುವುದು ತಪ್ಪು ಆಯ್ಕೆ.

ದೊಡ್ಡ ಫಿಲ್ಟರ್ ಕ್ಯಾನ್‌ಗಳ (ಪವರ್ ಸಪ್ಲೈಯ ಡಬ್ಬಿಯಾಕಾರದ ಕೆಪ್ಯಾಸಿಟರ್‌ಗಳ) ವಿಷಯದಲ್ಲಿ ಕಿಟ್‌ಗಳು ಹೆಚ್ಚು ಎಡವುತ್ತವೆ. ಹಳೆಯ ಕ್ಯಾನ್ ದಪ್ಪ, ಹೊಸದು ಸಣ್ಣ. 35 ಮಿಲಿಮೀಟರ್ ಕ್ಲಾಂಪಿನೊಳಗೆ 30ರ ಕ್ಯಾನ್ ಅಲ್ಲಾಡುತ್ತದೆ. ಜೊತೆಗೆ ರಬ್ಬರ್ ಪಟ್ಟಿಯೋ ಬಳೆಯೋ ಕೊಟ್ಟಿರಬೇಕು. ಸ್ನ್ಯಾಪ್‌-ಇನ್ ಕಾಲುಗಳಿಗೆ ಹಳೆಯ ದಪ್ಪ ವೈರ್‌ಗಳನ್ನು ನೇರವಾಗಿ ಬೆಸೆದರೆ ಸುಲಭಕ್ಕೆ ಸಡಿಲಾಗುತ್ತವೆ, ಹಾಗಾಗಿ ಪುಟ್ಟ ಅಡಾಪ್ಟರ್ ಬೋರ್ಡ್ ಇರುವ ಕಿಟ್ ಮೇಲು. 10,000 ಮೈಕ್ರೋಫ್ಯಾರಡ್ ಇದ್ದಲ್ಲಿ 12,000 ಹಾಕಬಹುದು. 22,000 ಹಾಕಿ 'ಬಾಸ್ ಗಟ್ಟಿಯಾಗುತ್ತದೆ' ಎನ್ನುವವರನ್ನು ನಂಬಬೇಡಿ. ಆನ್ ಮಾಡಿದ ಕ್ಷಣದ ಕರೆಂಟ್ ಏರಿ ಸ್ವಿಚ್, ಫ್ಯೂಸ್, ಬ್ರಿಜ್ ರೆಕ್ಟಿಫೈಯರ್ ಮೂರರ ಮೇಲೂ ಹೊರೆ ಬೀಳುತ್ತದೆ. ವೋಲ್ಟ್ ರೇಟಿಂಗ್ ಮೂಲದಷ್ಟೇ ಅಥವಾ ಒಂದು ಮೆಟ್ಟಿಲು ಮೇಲೆ ಇದ್ದರೆ ಸಾಕು.

ಟ್ರಾನ್ಸಿಸ್ಟರ್ ಸೇರಿಸಿ ಕೊಡುವ 'ಫುಲ್ ರಿಸ್ಟೋರೇಶನ್' ಕಿಟ್‌ಗಳಲ್ಲಿ ಅರ್ಧ ಭಾಗ ಉಪಯೋಗಕ್ಕೆ ಬರುತ್ತದೆ. 2ಎಸ್‌ಸಿ458, 2ಎಸ್‌ಎ726 ಇವು ಚರಚರ ಸದ್ದಿಗೆ ಹೆಸರಾದವು. ಬೆಳ್ಳಿ ಲೇಪದ ಕಾಲು ಕಪ್ಪಾಗಿದ್ದರಂತೂ ಅನುಮಾನವೇ ಬೇಡ, ಸಮುದ್ರದ ಪಸೆಯಲ್ಲಿ ಮೂರ್ನಾಲ್ಕು ದಶಕ ಕಳೆದ ಸೆಟ್‌ಗಳಲ್ಲಿ ಆ ಕಪ್ಪು ಇನ್ನೂ ಹೆಚ್ಚು. ಇವುಗಳ ಜಾಗಕ್ಕೆ ಕೆಎಸ್‌ಸಿ1845 ಮತ್ತು ಕೆಎಸ್‌ಎ992 ಕೊಡುವ ಕಿಟ್ ಸರಿಯಾದದ್ದು. ಕಾಲುಗಳ ಕ್ರಮ ಅದೇ: ಎಮಿಟರ್, ಕಲೆಕ್ಟರ್, ಬೇಸ್. ಕೌಂಟರಿನಲ್ಲಿ 'ಇದೂ ಅದೇ' ಎಂದು ಬಿಸಿ547 ಕೊಟ್ಟಾರು, ಅದರ ಕ್ರಮ ಕಲೆಕ್ಟರ್, ಬೇಸ್, ಎಮಿಟರ್. ತಿರುಗಿಸಿ ಹಾಕಿದರೂ ಹೊಂದುವುದಿಲ್ಲ, ಕಾಲನ್ನು ಅಡ್ಡ ದಾಟಿಸಬೇಕಾಗುತ್ತದೆ. ಡಿಫರೆನ್ಶಿಯಲ್ ಜೋಡಿಗೆ (ಒಟ್ಟಿಗೆ ಕೆಲಸ ಮಾಡುವ ಎರಡು ಸಮಾನ ಟ್ರಾನ್ಸಿಸ್ಟರ್) ಮಲ್ಟಿಮೀಟರ್‌ನಲ್ಲಿ ಎಚ್‌ಎಫ್‌ಇ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) ನೋಡಿ ಹತ್ತಿರದ ಎರಡನ್ನು ಆರಿಸಿ. ಕಿಟ್‌ನಲ್ಲಿ ಆ ಜಾಗಕ್ಕೆ ಎರಡೇ ಎರಡು ಕೊಟ್ಟಿದ್ದರೆ ಆರಿಸಲು ಏನೂ ಇರುವುದಿಲ್ಲ. ಕಿಟ್‌ನೊಳಗಿನ ಪವರ್ ಟ್ರಾನ್ಸಿಸ್ಟರ್‌ಗಳಿಗೆ ದುಡ್ಡು ಕೊಡಬೇಡಿ. ಈಗಿರುವವು ಅಳತೆಗೆ ಸರಿಯಿದ್ದರೆ ಮುಟ್ಟುವ ಅಗತ್ಯವೇ ಇಲ್ಲ, ಅವುಗಳ ಕೆಳಗಿನ ಮೈಕಾ ಹಾಳೆ ಮತ್ತು ಥರ್ಮಲ್ ಪೇಸ್ಟ್ ಮಾತ್ರ ಹೊಸದು ಹಾಕಿ. ಸುಟ್ಟಿದ್ದರೆ ಅಧಿಕೃತ ವಿತರಕರಿಂದಲೇ ತರಿಸಿ, ಏಕೆಂದರೆ ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಮಾಲು ವಿಪರೀತ.

ಪ್ರೊಟೆಕ್ಷನ್ ರಿಲೇ (ಸ್ಪೀಕರ್ ರಕ್ಷಿಸುವ ಸ್ವಿಚ್) ಕಿಟ್‌ನಲ್ಲಿದ್ದರೆ ಒಳ್ಳೆಯದು. ಹಳೆಯದರ ಕಾಂಟ್ಯಾಕ್ಟನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿದರೆ ಲೇಪ ಹೋಗಿ ಕೆಲವೇ ದಿನಗಳಲ್ಲಿ ಒಂದು ಚಾನೆಲ್ ಮತ್ತೆ ಮಂಕಾಗುತ್ತದೆ. ಹೊಸದರ ಕಾಯಿಲ್ ವೋಲ್ಟ್ ಅಷ್ಟೇ ಅಲ್ಲ, ಕಾಯಿಲ್ ರೆಸಿಸ್ಟೆನ್ಸ್ ಕೂಡ ಹಳೆಯದಕ್ಕೆ ಹತ್ತಿರವಿರಬೇಕು.

ಎಲ್‌ಇಡಿ ದೀಪದ ಕಿಟ್ ಬೇರೆಯಾಗಿ ಬರುತ್ತದೆ. ಫ್ಯೂಸ್ ಆಕಾರದ ಮೂಲ ದೀಪಗಳು 8 ವೋಲ್ಟ್, 250 ಅಥವಾ 300 ಮಿಲಿಆಂಪ್. ಒಂದೊಂದೂ ಎರಡು ವ್ಯಾಟಿನ ಶಾಖ ಬಿಡುತ್ತದೆ. ಎಲ್‌ಇಡಿಯಿಂದ ಆ ಶಾಖ ಇಳಿಯುತ್ತದೆ, ದೀಪದ ಹಿಂದಿನ ಕಾಗದ ಕಂದುವುದು ನಿಲ್ಲುತ್ತದೆ. ವಾರ್ಮ್ ವೈಟ್ ಆರಿಸಿ. ಕೂಲ್ ವೈಟ್ ಹಾಕಿದರೆ ಮರಾಂಟ್ಜ್‌ನ ನೀಲಿ ಡಯಲ್ ಕಣ್ಣಿಗೆ ಚುಚ್ಚುವ ನೀಲಿಯಾಗುತ್ತದೆ. ಎಸಿಯಲ್ಲಿ ಮಿಣುಕದಂತೆ ಒಳಗೇ ರೆಕ್ಟಿಫೈಯರ್ ಇರುವಂಥದ್ದು ಬೇಕು. ಸ್ಟೀರಿಯೊ ಇಂಡಿಕೇಟರ್ ದೀಪವನ್ನು ಮಾತ್ರ ಹಾಗೇ ಬಿಡಿ, ಅದು ಸರ್ಕ್ಯೂಟಿನ ಭಾಗ. ಎಲ್‌ಇಡಿ ಹಾಕಿದರೆ ಸ್ಟೇಷನ್ ಇಲ್ಲದಿದ್ದರೂ ಮಂದವಾಗಿ ಉರಿಯುತ್ತಿರುತ್ತದೆ.

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಾರದ, ಆದರೆ ಬೇಕೇಬೇಕಾದ ಎರಡು ಬಿಡಿಭಾಗಗಳಿವೆ. ಒಂದು, ಪವರ್ ಸ್ವಿಚ್ಚಿನ ಮೇಲಿನ, ಕಿಡಿ ತಡೆಯುವ ಸ್ಪಾರ್ಕ್ ಕಿಲ್ಲರ್ ಕೆಪ್ಯಾಸಿಟರ್. ಅಲ್ಲಿ 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯದೇ (ಮೇನ್ಸ್‌ಗೆ ಹಾಕುವ ಸುರಕ್ಷತಾ ದರ್ಜೆ) ಇರಬೇಕು, ಸಾಧಾರಣ ಫಿಲ್ಮ್ ಬೇಡ. ಇನ್ನೊಂದು, ಪವರ್ ಸಪ್ಲೈಯ ಫ್ಯೂಸಿಬಲ್ ರೆಸಿಸ್ಟರ್‌ಗಳು (ಕರೆಂಟ್ ಮಿತಿಮೀರಿದರೆ ಫ್ಯೂಸಿನಂತೆ ಕಡಿಯುವವು). ವಯಸ್ಸಾದಂತೆ ಇವುಗಳ ಓಮ್ ಮೌಲ್ಯ ಏರಿರುತ್ತದೆ. ಬದಲಿಗೆ ಫ್ಲೇಮ್‌ಪ್ರೂಫ್ ಫ್ಯೂಸಿಬಲ್ ಮಾದರಿಯೇ ಬೇಕು. ಜೊತೆಗೆ ಬೋರ್ಡಿನ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಅಂಟನ್ನೂ ಕೆರೆದು ತೆಗೆಯಿರಿ. ಅದು ನೀರಿನಂಶ ಹೀರಿಕೊಂಡು ಕರೆಂಟ್ ಹರಿಯಲು ಬಿಡುತ್ತದೆ, ರೆಸಿಸ್ಟರ್ ಕಾಲನ್ನು ತಿಂದುಹಾಕುತ್ತದೆ. ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕೆಡುವ ಸೆಟ್ ಇದ್ದರೆ ಮೊದಲು ಈ ಅಂಟನ್ನು ಹುಡುಕಿ.

ಕೆಲಸದ ಕ್ರಮ ಹೀಗಿರಲಿ. ಫಿಲ್ಟರ್ ಕ್ಯಾನ್‌ಗಳನ್ನು 100 ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, 1 ವೋಲ್ಟಿಗಿಂತ ಇಳಿದದ್ದನ್ನು ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. ಒಂದು ಬೋರ್ಡು ಮುಗಿಸಿ, ಆನ್ ಮಾಡಿ ನೋಡಿ, ಆಮೇಲೆ ಮುಂದಿನದು. ಎಲ್ಲ ಬೋರ್ಡೂ ಒಟ್ಟಿಗೆ ಬದಲಿಸಿ ಕೊನೆಗೆ ಸದ್ದು ಬಾರದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಲು ವಾರಗಳೇ ಬೇಕು. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಏಕೆಂದರೆ ಕೆಲವು ಬೋರ್ಡುಗಳ ಮುದ್ರಣದಲ್ಲಿ ಪ್ಲಸ್ ಗುರುತು ಇರುತ್ತದೆ, ಕೆಲವದರಲ್ಲಿ ಮೈನಸ್. ಫಿನಾಲಿಕ್ (ಹಳೆಯ ಕಂದು ಕಾಗದದ) ಬೋರ್ಡಿನ ತಾಮ್ರ ಬೇಗ ಏಳುತ್ತದೆ: ಐರನ್ 320ರಿಂದ 350 ಡಿಗ್ರಿ, ಮೊದಲು ಸ್ವಲ್ಪ ಹೊಸ 60/40 ಬೆಸುಗೆ ಸೀಸ ಸೇರಿಸಿ, ಆಮೇಲೆ ಪಂಪ್‌ನಿಂದ ಎಳೆಯಿರಿ, ಮೂರು ಸೆಕೆಂಡಿಗಿಂತ ಹೆಚ್ಚು ತಾಗಿಸಬೇಡಿ. ಎಫ್‌ಎಂ ಟ್ಯೂನರ್‌ನ ಸೆರಾಮಿಕ್‌ಗಳನ್ನು, ಕಾಯಿಲ್‌ನ ತಿರುಪುಗಳನ್ನು ಮುಟ್ಟಲೇಬೇಡಿ. ಅಲೈನ್‌ಮೆಂಟ್ ಹಾಳಾದರೆ ಉಪಕರಣಗಳಿಲ್ಲದೆ ಸರಿಪಡಿಸಲಾಗದು.

ಮೊದಲ ಬಾರಿ ಆನ್ ಮಾಡುವಾಗ ಸ್ಪೀಕರ್ ತೆಗೆದಿಟ್ಟು, ಬಯಾಸ್ ಟ್ರಿಮ್ಮರ್ (ಸದ್ದಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟನ್ನು ಹೊಂದಿಸುವ ತಿರುಪು) ಕನಿಷ್ಠಕ್ಕೆ ತಿರುಗಿಸಿ, ಮೇನ್ಸ್‌ಗೆ 60 ಅಥವಾ 100 ವ್ಯಾಟಿನ ತಂತಿಯ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ; ಬೆಳಗುತ್ತಲೇ ಇದ್ದರೆ ಕೂಡಲೇ ಆಫ್ ಮಾಡಿ, ಎಲ್ಲೋ ಶಾರ್ಟ್ ಇದೆ. ಸರಿಯಿದ್ದರೆ ಬಲ್ಬು ತೆಗೆದು ನೇರ ಮೇನ್ಸ್ ಕೊಡಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ದಾಟಬಾರದು, 20ರೊಳಗಿದ್ದರೆ ಉತ್ತಮ. ಬಯಾಸನ್ನು ಬಲ್ಬು ತೆಗೆದ ಮೇಲೆಯೇ, ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ಹೊಂದಿಸಿ. ಉದಾಹರಣೆಗೆ ಎಮಿಟರ್ ರೆಸಿಸ್ಟರ್ 0.33 ಓಮ್, ಮ್ಯಾನ್ಯುಯಲ್ ಹೇಳುವುದು 30 ಮಿಲಿಆಂಪ್ ಎಂದಾದರೆ ಅದರ ಮೇಲೆ 10 ಮಿಲಿವೋಲ್ಟ್ ಕಾಣಬೇಕು. ತೆರೆದ ಮಾದರಿಯ ಹಳೆಯ ಟ್ರಿಮ್ಮರ್‌ಗಳ ಬದಲು ಬೌರ್ನ್ಸ್‌ನ ಮುಚ್ಚಿದ ಮಲ್ಟಿಟರ್ನ್ ಕೊಡುವ ಕಿಟ್‌ಗೆ ಇಲ್ಲಿ ಹೆಚ್ಚು ಅಂಕ ಕೊಡಬೇಕು. ಧೂಳಿನಿಂದ ಟ್ರಿಮ್ಮರ್ ಸಂಪರ್ಕ ತಪ್ಪಿದರೆ ಬಯಾಸ್ ನಿಯಂತ್ರಣ ಮೀರಿ ಏರಿ ಔಟ್‌ಪುಟ್ ಹೋಗಬಹುದು.

ಎಷ್ಟೋ ಸೆಟ್‌ಗಳ ಕರಕರ ಸದ್ದಿಗೆ, ಒಂದು ಚಾನೆಲ್ ಹೋಗಿ ಬರುವುದಕ್ಕೆ ಕಾರಣ ಕೆಪ್ಯಾಸಿಟರ್ ಅಲ್ಲವೇ ಅಲ್ಲ. ಕಪ್ಪಾದ ಸ್ವಿಚ್ ಕಾಂಟ್ಯಾಕ್ಟ್‌ಗಳು, ಧೂಳು ಕೂತ ವಾಲ್ಯೂಮ್. ಕಿಟ್ ತರಿಸುವ ಮೊದಲು ಇದನ್ನು ಮಾಡಿ ನೋಡಿ. ಸ್ವಿಚ್‌ಗಳಿಗೆ ಡೀಆಕ್ಸಿಟ್ ಡಿ5 ಎಂಬ ಕ್ಲೀನರ್ ಸ್ಪ್ರೇ, ವಾಲ್ಯೂಮ್ ಮತ್ತು ಟೋನ್‌ಗಳಿಗೆ ಅದರದೇ ಫೇಡರ್ ಮಾದರಿ, ಸಣ್ಣ ಕೊಳವೆಯಿಂದ ಒಳಗೆ ಬಿಟ್ಟು ಮೂವತ್ತು ನಲವತ್ತು ಸಲ ತಿರುಗಿಸಿ. ಡಬ್ಲ್ಯುಡಿ-40 ಈ ಕೆಲಸಕ್ಕಲ್ಲ. ಡಯಲ್ ಗಾಜಿನ ಹಿಂಬದಿಗೆ ಆಲ್ಕೋಹಾಲ್, ಗ್ಲಾಸ್ ಕ್ಲೀನರ್ ಏನನ್ನೂ ತಾಗಿಸಬೇಡಿ. ಅಂಕಿಗಳು ಬಟ್ಟೆಯ ಜೊತೆ ಬಂದುಬಿಡುತ್ತವೆ, ಅವನ್ನು ಮರಳಿ ತರುವ ಕಿಟ್ ಹುಡುಕುವುದು ಕಷ್ಟ.

ಹೊರದೇಶದ ಸಣ್ಣ ಕಿಟ್‌ಗೆ ಕೊರಿಯರ್, ಕಸ್ಟಮ್ಸ್ ಸೇರಿದರೆ ಕೈಗೆ ಬರುವ ಬೆಲೆ ಬೇರೆಯೇ ಆಗುತ್ತದೆ. ಪಟ್ಟಿ ಸಿಕ್ಕಿದರೆ ಅದೇ ಭಾಗಗಳನ್ನು ಎಲಿಮೆಂಟ್14, ಮೌಸರ್, ಡಿಜಿಕೀ ಎಂಬ ಆನ್‌ಲೈನ್ ಮಾರಾಟಗಾರರಿಂದ ರೂಪಾಯಿಯಲ್ಲೇ ತರಿಸಬಹುದು. ಒಂದಕ್ಕಿಂತ ಹೆಚ್ಚು ಸೆಟ್ ಕೈಯಲ್ಲಿದ್ದರೆ ಇದೇ ಲಾಭ. ಮೊದಲ ಸೆಟ್ ಮಾಡುವವರಿಗೆ ಮಾತ್ರ ಬೋರ್ಡುವಾರು ಕಿಟ್ಟೇ ಸರಿ. ಸೀಸ, ವಿಕ್ (ಬೆಸುಗೆ ಹೀರುವ ತಾಮ್ರದ ಹೆಣಿಗೆ), ಮೈಕಾ, ಫ್ಯೂಸ್, ಹೀಟ್‌ಶ್ರಿಂಕ್, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಗ್ರ್ಯಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರೋಡ್ ಸಾಕು. ಹೋಗುವಾಗ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಿ, ಭಾನುವಾರ ಬಿಟ್ಟು ಬೇರೆ ದಿನ.