ಹಳೇ ಗೇಣಿಚೀಟು ಓದಿಸಬೇಕಾ? ಕಾಸರಗೋಡಿನ ಈ ಪತ್ರ ಬರಹಗಾರರನ್ನು ಕೇಳಿ

ನನ್ನ ಮುತ್ತಜ್ಜ ಕುಂಬಳೆ ಕಡೆಯ ಒಬ್ಬ ಒಕ್ಕಲು. ಅವರ ಫೋಟೋ ಇಲ್ಲ, ಜಾತಕ ಇಲ್ಲ. ಶಾಲೆಗೆ ಹೋದವರೂ ಅಲ್ಲ. ಅಂಥವರ ಗುರುತು ಕೊನೆಗೆ ಸಿಕ್ಕಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಗೇಣಿಚೀಟಿನಲ್ಲಿ, ಅಂದರೆ ಜಮೀನು ಗೇಣಿಗೆ ಪಡೆದ ಒಕ್ಕಲು ಧಣಿಗೆ ಬರೆದುಕೊಟ್ಟ ಕರಾರಿನಲ್ಲಿ. ಹುಡುಕಿ, ಓದಿ ಕೊಟ್ಟವರು ಪೇಟೆಯ ಒಬ್ಬ ಹಿರಿಯ ಪತ್ರ ಬರಹಗಾರರು (ಆಸ್ತಿ ಪತ್ರ ಬರೆದುಕೊಡುವವರು).

1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ ಅಲ್ವಾ? ನಮ್ಮ ಚೀಟೂ ಕನ್ನಡದಲ್ಲೇ ಇತ್ತು. ಆದರೆ ಪೆನ್ನು ಎತ್ತದೆ ಬರೆದ ಆ ಕೂಡಕ್ಷರ ಕನ್ನಡ ಮೀಡಿಯಂನಲ್ಲಿ ಕಲಿತ ನನಗೂ ಬಗ್ಗಲಿಲ್ಲ. ಇವರು ಪೇಪರ್ ಓದುವ ಹಾಗೆ ಓದುತ್ತಾರೆ.

ಆ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳ ನಕಲು ಇರುವ ಒಂದನೇ ಪುಸ್ತಕವನ್ನು ಫೀಸು ಕಟ್ಟಿ ಯಾರೂ ನೋಡಬಹುದು. ಅದಕ್ಕೆ ಹೆಸರಿನ ಸೂಚಿಯೂ ಇರುತ್ತದೆ. ಮನೆ ಹೆಸರು, ಗ್ರಾಮ, ಅಂದಾಜು ವರ್ಷ ಹೇಳಿದ್ದಷ್ಟೇ. 1934ರ ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಚೀಟು ಸಿಕ್ಕಿತು. ಮುತ್ತಜ್ಜನ ವಯಸ್ಸು ಸುಮಾರು 35, ಕಸುಬು ಬೇಸಾಯ. ವರ್ಷಕ್ಕೆ 14 ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಗೇಣಿ, ಚೌತಿಗೆ ಧಣಿಗಳ ಮನೆಗೆ ಒಂದು ಬಾಳೆಗೊನೆ. ಜಾಗದ ಗಡಿ ಬಡಗಲಿಗೆ (ಉತ್ತರಕ್ಕೆ) ತೋಡು, ತೆಂಕಲಿಗೆ (ದಕ್ಷಿಣಕ್ಕೆ) ಗುಡ್ಡೆ. ಆ ತೋಡಿನಲ್ಲೇ ನಾವು ಮಕ್ಕಳಾಗಿದ್ದಾಗ ಮೀನು ಹಿಡಿದದ್ದು!

ಬೇರೆಯವರಾಗಿದ್ದರೆ ಇಷ್ಟಕ್ಕೆ ನಿಲ್ಲಿಸುತ್ತಿದ್ದರು. ಇವರು, "ನಿಮ್ಮದು ಅಳಿಯಕಟ್ಟಿನ (ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತಿದ್ದ) ಮನೆ, ಹೆಂಗಸರ ಹೆಸರು ಇರಬೇಕಲ್ಲ ಮಗಾ" ಎಂದು ಮತ್ತೆ ಮೇಲಿನಿಂದ ಓದಿದರು. ಇತ್ತು. ಮುತ್ತಜ್ಜನ ಜೊತೆ ಅವರ ತಂಗಿಯೂ ಹೆಬ್ಬೆಟ್ಟು ಒತ್ತಿದ್ದರು. ಹಾಗೊಬ್ಬರು ತಂಗಿ ಇದ್ದರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೆಸರು ಹೇಳುವಾಗ ನನ್ನ ಗಂಟಲು ಕಟ್ಟಿತು.

ಇನ್ನೊಂದು ದಾರಿಯನ್ನೂ ತೋರಿಸಿದರು. ಕೇರಳದ ಭೂಸುಧಾರಣೆಯಲ್ಲಿ, 1970ರ ನಂತರ, ಒಕ್ಕಲುಗಳು ಜಮೀನಿನ ಹಕ್ಕಿಗಾಗಿ ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದರು. ಗೇಣಿ ಸಾಬೀತು ಮಾಡಲು ಹಳೇ ರಶೀದಿ ಕೊಟ್ಟಿದ್ದರೆ ಆ ಫೈಲಿನಲ್ಲಿ ಇರುತ್ತದೆ. ನಮ್ಮ ಅಜ್ಜನದನ್ನು ಈಗ ಹುಡುಕಿಸುತ್ತಿದ್ದೇನೆ.

ಓದಿ ಬರೆದುಕೊಡಲು 800 ರೂಪಾಯಿ ತೆಗೆದುಕೊಂಡರು, ಕಚೇರಿ ಫೀಸು ಬೇರೆ. ಜಾಸ್ತಿ ಅನಿಸಲಿಲ್ಲ. ಕೊರತೆ ಎಂದರೆ ಟೈಪ್ ಮಾಡಿಸಿ ಕೊಡುವುದಿಲ್ಲ, ಫೋನೂ ಎತ್ತುವುದಿಲ್ಲ. ಬೆಳಿಗ್ಗೆಯೇ ನೇರ ಹೋಗಿ. ಮಧ್ಯಾಹ್ನ ರಿಜಿಸ್ಟ್ರಿಗೆ ಬಂದವರ ಗಲಾಟೆಯಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ.